ಕಿವಿಯ ಪಕ್ಕದ ಬೆರಳುಗಳು

ಪರಿಣಾಮವನ್ನು ಅನುಭವಿಸಿದವಳು ನನ್ನ ಅವ್ವ. ತನ್ನ ತಂಗಿಯದೆಂದು ನಮ್ಮ ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಛಾಯಾಚಿತ್ರವನ್ನು ಅವಳು ಮುಪ್ಪಿನಲ್ಲಿ ಕಳೆದುಕೊಂಡಳು. ಅದರ ಬದಲಿಗೆ ಕೈಗೆ ಬಂದ ಚಿತ್ರಕ್ಕೆ ಹೆದರಿ, ತನ್ನದೇ ಮನೆಯ ನಡುಮನೆಗೆ ಕಾಲಿಡಲು ಹಿಂಜರಿಯುವಂತಾದಳು. ಹಾಳು ಮಾಡಿದವರಿಗೆ ಏನೂ ಆಗಲಿಲ್ಲ. ಅವರ ಫೋಟೋ ಅಂಗಡಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಎಂದಿನಂತೆ ಬೆಳಿಗ್ಗೆ ತೆರೆಯುತ್ತದೆ. ಗಾಜಿನ ಹಿಂದೆ ಅವರು ಮಾಡಿದ ಮುಖಗಳು ರಸ್ತೆಯನ್ನು ನೋಡುತ್ತಾ ಕೂತಿರುತ್ತವೆ.

ಆ ಚಿತ್ರ ಎಂಥದ್ದಾಗಿತ್ತೆಂದು ಮೊದಲು ಹೇಳಬೇಕು. ಅವ್ವನ ತವರು ಸಿರುಗುಪ್ಪದ ಹಳೆಯ ಶೈವ ಮನೆತನ. ನಮ್ಮಲ್ಲಿ ಸತ್ತವರನ್ನು ಮಣ್ಣಿಗೆ ಒಯ್ಯುವ ಮುನ್ನ ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ ಕೂರಿಸುತ್ತಾರೆ. ಮಣ್ಣಿನೊಳಗೂ ಅವರು ಕೂತೇ ಇರುತ್ತಾರೆ. ಹಾಗೆ ಕೂರಿಸಿದ ಮೇಲೆ ಫೋಟೋದವನನ್ನು ಕರೆಸುವುದು ರೂಢಿ. ಮನೆಯವರು ಎರಡೂ ಬದಿಗೆ ನಿಂತು ಕ್ಯಾಮೆರಾ ನೋಡುತ್ತಾರೆ. ನಡುವೆ ಕೂತವರು ನೋಡುವುದಿಲ್ಲ. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ನಾವು ಇಂಥ ಚಿತ್ರಗಳನ್ನು ‘ಕುಂತ ಫೋಟೋ’ ಎಂದು ಕರೆಯುತ್ತಾ, ಅವುಗಳ ಕೆಳಗೆ ಕೂತು ಉಂಡು ಬೆಳೆದವರು.

ಚಿಕ್ಕವ್ವ, ಅಂದರೆ ಅವ್ವನ ತಂಗಿ, ಹದಿಹರೆಯದಲ್ಲಿ ಕಾಮಾಲೆಯಿಂದ ತೀರಿಕೊಂಡಳು. ನಾನು ಓದಿದ ಶಾಲೆಯಲ್ಲಿ ‘ಯಾರು ಮಾಡಿದರು, ಯಾರಿಗೆ ಆಯಿತು’ ಎಂದು ಕೇಳದೆ ಯಾವ ಪಾಠವೂ ಮುಗಿಯುತ್ತಿರಲಿಲ್ಲ. ಆ ಅಭ್ಯಾಸದಿಂದಲೇ ಇಲ್ಲಿ ಎರಡು ಅನ್ಯಾಯಗಳನ್ನು ಹೆಸರಿಸುತ್ತೇನೆ. ಅವಳ ಕಣ್ಣು ಅರಿಶಿನದಂತೆ ಹಳದಿಯಾದಾಗ, ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ಯುವ ಮಾತನ್ನು ಮನೆಯ ಗಂಡಸರು ಗದ್ದೆಯ ನಾಟಿ ಮುಗಿಯಲಿ ಎಂದು ಮುಂದಕ್ಕೆ ಹಾಕಿದರು. ಇದು ಮೊದಲನೆಯದು. ಬದುಕಿದ್ದಷ್ಟು ಕಾಲ ಅವಳದೊಂದು ಫೋಟೋ ತೆಗೆಸಲಿಲ್ಲ. ಇದು ಎರಡನೆಯದು. ಅವಳ ಅಣ್ಣಂದಿರು ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಕೈಗಡಿಯಾರ ಕಾಣುವಂತೆ ತೋಳು ಮಡಚಿ ನಿಂತಿದ್ದಾರೆ. ಹೆಣ್ಣಿನ ಫೋಟೋ ಎಂದರೆ ವರನ ಮನೆಗೆ ಕಳಿಸುವ ಫೋಟೋ. ಅದಕ್ಕೆ ಅವಳ ಸರದಿ ಇನ್ನೂ ಬಂದಿರಲಿಲ್ಲ. ಹೀಗಾಗಿ ಕ್ಯಾಮೆರಾ ಅವಳನ್ನು ನೋಡಿದ್ದು, ಅವಳು ನೋಡುವುದನ್ನು ನಿಲ್ಲಿಸಿದ ಮೇಲೆ.

ಕಪ್ಪುಬಿಳುಪಿನ ಆ ಚಿತ್ರದಲ್ಲಿ ಎರಡೂ ಬದಿಗೆ ಮನೆಯವರು, ನಡುವೆ ಕೈಯಿರುವ ಮರದ ಕುರ್ಚಿ, ಕೊರಳು ತುಂಬಿದ ಹಾರ, ಮುಚ್ಚಿದ ಕಣ್ಣು, ಸ್ವಲ್ಪವೇ ತೆರೆದ ತುಟಿ. ಎಡಗಿವಿಯ ಪಕ್ಕದಲ್ಲಿ, ಜಡೆಯ ಅಂಚಿನಿಂದ ಹೊರಗೆ, ಮೂರು ಬೆರಳುಗಳ ತುದಿ. ಕುರ್ಚಿಯ ಹಿಂದೆ ಯಾರೋ ಇದ್ದಾರೆ, ಮುಖ ಮಾತ್ರ ಕಾಣುವುದಿಲ್ಲ. ಚಿಕ್ಕವಳಿದ್ದಾಗ ನನಗೆ ಚಿಕ್ಕವ್ವನ ಹೆದರಿಕೆ ಇರಲಿಲ್ಲ, ಆ ಬೆರಳುಗಳ ಹೆದರಿಕೆ ಇತ್ತು. ಆಲ್ಬಂ ತಿರುವುವಾಗ ಆ ಪುಟವನ್ನು ಎರಡು ಪುಟಗಳ ನಡುವೆ ಸೇರಿಸಿ ಒಟ್ಟಿಗೆ ತಿರುವುತ್ತಿದ್ದೆ.

ಆ ಬೆರಳುಗಳು ಯಾರವು ಎಂದು ತಿಳಿದದ್ದು ಕಳೆದ ಬೇಸಿಗೆಯಲ್ಲಿ. ಅವ್ವನ ಕಣ್ಣು ಮಂಜಾಗುತ್ತಿತ್ತು. ಅವಳಿಗೆ ಮುಖಗಳು ಗುರುತು ಸಿಗುವಾಗಲೇ ಒಂದು ನೆನಪಿನ ಪುಸ್ತಕ ಮಾಡೋಣವೆಂದು ಹೊರಟಿದ್ದೆ. ಕಂಟೋನ್ಮೆಂಟಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ದಪ್ಪ ರಟ್ಟಿನ ಪುಟಗಳು, ಕತ್ತರಿ, ಅವಳ ಹಳೆಯ ಸೀರೆಯ ಸೆರಗಿನ ತುಂಡು, ಮದುವೆಯ ಕರೆಯೋಲೆ, ಬಸ್ಸಿನ ಟಿಕೆಟ್ಟು. ಒಂದು ನಿಯಮ ಮಾಡಿಕೊಂಡಿದ್ದೆ: ಪುಸ್ತಕದಲ್ಲಿ ಅಂಟಿಸುವುದು ಪ್ರತಿಗಳನ್ನು ಮಾತ್ರ. ಮೂಲ ಚಿತ್ರಕ್ಕೆ ಅಂಟು ತಾಗಬಾರದು, ಕತ್ತರಿ ತಾಗಬಾರದು, ಅದು ಕಾಗದದ ಲಕೋಟೆಯಲ್ಲಿ ಬೇರೆಯಾಗಿ ಇರಬೇಕು. ಸ್ಕ್ಯಾನ್ ಮಾಡಿದ ಕಡತ ಒಂದು ನಮ್ಮಲ್ಲಿ, ಒಂದು ಬೇರೆ ಊರಿನ ಬೇರೆ ಮನೆಯಲ್ಲಿ. ಮನೆಗೆ ಬೆಂಕಿ ಬಿದ್ದರೂ ನೀರು ನುಗ್ಗಿದರೂ ಮುಖಗಳು ಉಳಿಯಬೇಕು.

ಚಿಕ್ಕವ್ವನ ಪುಟಕ್ಕೆ ಬಂದಾಗ, ಕೆಳಗೆ ಏನು ಬರೆಯಲಿ ಎಂದು ಅವ್ವನನ್ನು ಕೇಳಿದೆ.

“ಆ ಬೆರಳು ನನ್ನವು ಅಂತ ಬರಿ,” ಎಂದಳು.

ನಾನು ತಲೆಯೆತ್ತಿ ನೋಡಿದೆ. ಅವಳು ಸೆರಗಿನ ತುಂಡನ್ನು ಸವರುತ್ತಾ, ಅಡುಗೆಯ ಮಾತು ಹೇಳುವಷ್ಟು ಸಹಜವಾಗಿ ಹೇಳಿದಳು:

“ತಲಿ ನಿಲ್ಲವಲ್ದಾಗಿತ್ತು. ಮುಂದಕ್ಕ ಬೀಳ್ತಿತ್ತು. ಫೋಟೋದಾಂವ ‘ಯಾರರ ಹಿಂದ ಕುಂತು ಹಿಡೀರಿ, ಕಾಣದ್ಹಂಗ ಹಿಡೀರಿ’ ಅಂದ. ಯಾರೂ ಮುಂದ ಬರಲಿಲ್ಲ. ನಾ ಕುಂತೆ.”

“ಹೆದರಿಕಿ ಆಗಲಿಲ್ಲೇನವ್ವಾ?”

“ಯಾತರ ಹೆದರಿಕಿ? ಹಿಂದಿನ ದಿನಾನ ಅಕಿ ಜಡಿ ಹಾಕಿದ್ದೆ. ಕೂದಲಾನೂ ಅವೇ, ಎಣ್ಣೀನೂ ಅದೇ.” ಸೆರಗಿನ ತುಂಡನ್ನು ಮಡಚಿಟ್ಟು ಸೇರಿಸಿದಳು: “ಆ ಫೋಟೋದಾಗ ಎಲ್ಲಾರೂ ಅದಾರ, ನೀ ಒಬ್ಬಾಕಿ ಇಲ್ಲ ಅಂತಾರ ನಮ್ಮ ಮಂದಿ. ನಾನೂ ಅದೀನಿ. ಬರಿ.”

ಅವ್ವನಿಗೆ ಆ ಚಿತ್ರದಲ್ಲಿ ಬೇಕಾಗಿದ್ದುದು ಇಷ್ಟೇ. ತಂಗಿಯ ಮುಖ ಅವಳ ನೆನಪಿನಲ್ಲಿತ್ತು. ಕೊನೆಯ ಗಳಿಗೆಯಲ್ಲಿ ತಂಗಿಯ ತಲೆಯನ್ನು ಹಿಡಿದವಳು ತಾನು ಎಂಬುದಕ್ಕೆ ಆ ಮೂರು ಬೆರಳ ತುದಿಗಳಲ್ಲದೆ ಬೇರೆ ಸಾಕ್ಷಿ ಇರಲಿಲ್ಲ.

ಚಿತ್ರ ಇದ್ದದ್ದು ಅಂಟುಪುಟದ ಆಲ್ಬಮ್ಮಿನಲ್ಲಿ. ಪುಟದ ಮೇಲೆಯೇ ಅಂಟು ಬಳಿದು, ಮೇಲೊಂದು ಪ್ಲಾಸ್ಟಿಕ್ ಹಾಳೆ ಎಳೆಯುವ ಆ ಆಲ್ಬಂಗಳು ಒಂದು ಕಾಲದಲ್ಲಿ ಎಲ್ಲ ಮನೆಗಳಿಗೂ ಬಂದಿದ್ದವು. ಚಿತ್ರಗಳನ್ನು ಕಾಪಾಡುತ್ತವೆಂದು ಹೇಳಿ ಅವನ್ನು ಮಾರಿದವರು, ವರ್ಷಗಳು ಕಳೆದಂತೆ ಆ ಅಂಟು ಹಳದಿಗಟ್ಟಿ ಚಿತ್ರವನ್ನು ಒಳಗಿಂದ ತಿನ್ನುತ್ತದೆಂದು ಹೇಳಲಿಲ್ಲ. ಇದು ಮೂರನೆಯ ಅನ್ಯಾಯ. ನನ್ನ ಫೋನಿನಲ್ಲಿ ತೆಗೆದರೆ ಪ್ಲಾಸ್ಟಿಕ್ಕಿನ ಹೊಳಪೇ ಮುಖವನ್ನು ಮುಚ್ಚುತ್ತಿತ್ತು. ಆದ್ದರಿಂದ ದೊಡ್ಡ ಸ್ಕ್ಯಾನರ್ ಇರುವ ಅಂಗಡಿಯನ್ನು ಹುಡುಕಿಕೊಂಡು ಕೌಲ್ ಬಜಾರಿಗೆ ಹೋದೆ.

ವೆಲ್ಡಿಂಗ್ ಕಿಡಿಗಳನ್ನೂ ಆಟೋಗಳನ್ನೂ ದಾಟಿ ಒಳಗೆ ಹೋದರೆ ಅಂಗಡಿ ತಂಪಾಗಿತ್ತು. ಮಾಲೀಕ ನಡುವಯಸ್ಸಿನವನು, ಮೃದುಮಾತಿನವನು. ಆಲ್ಬಂ ಬಿಚ್ಚಿ ನೋಡಿ, ಚಿಕ್ಕವ್ವನಿಗೆ ತಾನಾಗಿಯೇ ಕೈಮುಗಿದ.

“ಇದ್ದದ್ದು ಇದ್ದಂಗ ಸ್ಕ್ಯಾನ್ ಮಾಡ್ರಿ,” ಎಂದೆ. “ಪುಟದಿಂದ ಕೀಳಬ್ಯಾಡ್ರಿ. ಏನೂ ತಿದ್ದಬ್ಯಾಡ್ರಿ.”

“ಚಿಂತಿ ಬ್ಯಾಡ್ರಿ ಮೇಡಂ. ಇಂಥಾವು ದಿನಾ ಬರ್ತಾವು ನಮ್ಮ ಕಡಿ. ಬಿಟ್ಟು ಹೋಗ್ರಿ, ಚಲೋತ್ನಂಗ ಮಾಡಿ ಕೊಡ್ತೀವಿ.”

ನಾನು ಅದೇ ಮಾತನ್ನು ಮತ್ತೊಮ್ಮೆ ಹೇಳಿದೆ. ಅವನು ಅದೇ ನಗುವಿನಿಂದ ತಲೆಯಾಡಿಸಿದ.

ಕೆಲವು ದಿನಗಳ ನಂತರ ಕಂದು ಲಕೋಟೆ ಮನೆಗೆ ಬಂತು; ಆಲ್ಬಂ ಇನ್ನೂ ಅಂಗಡಿಯಲ್ಲೇ ಇತ್ತು. ನಡುಮನೆಯ ಕಿಟಕಿಯ ಬೆಳಕಿನಲ್ಲಿ ಅವ್ವನೇ ಅದನ್ನು ಬಿಚ್ಚಿದಳು. ದೊಡ್ಡದು ಮಾಡಿದ, ಬಣ್ಣ ತುಂಬಿದ ಚಿತ್ರ. ಬದಿಗೆ ನಿಂತಿದ್ದ ಮನೆಯವರೂ ಹಿಂದಿನ ಗೋಡೆಯೂ ಹೋಗಿ ತಿಳಿನೀಲಿ ಆಕಾಶ ಬಂದಿತ್ತು. ಕೆನ್ನೆ ತುಂಬಿಕೊಂಡಿತ್ತು, ತುಟಿ ಸೇರಿಕೊಂಡಿತ್ತು. ಚಿಕ್ಕವ್ವ ಕಣ್ಣು ಬಿಟ್ಟು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ಮೇಲೆ ಫ್ಯಾನು ತಿರುಗುತ್ತಿತ್ತು. ನನಗೆ ಅದು ಕೇಳಿಸಲಿಲ್ಲ. ಒಂದು ಮುಖವನ್ನು ಜೀವಮಾನವೆಲ್ಲ ಮುಚ್ಚಿದ ಕಣ್ಣಿನಲ್ಲಿ ನೋಡಿದವರಿಗೆ ಅದು ಒಂದು ಮಧ್ಯಾಹ್ನ ತಟ್ಟನೆ ತಿರುಗಿ ನೋಡಿದರೆ ಏನಾಗುತ್ತದೆಂದು ಆ ಅಂಗಡಿಯಲ್ಲಿ ಯಾರೂ ಯೋಚಿಸಿರಲಾರರು.

“ಇಕಿ ಯಾರು?” ಎಂದಳು ಅವ್ವ.

ನಂತರ ಅವಳ ಬೆರಳು ಚಿತ್ರದ ಎಡಗಿವಿಯ ಪಕ್ಕಕ್ಕೆ ಹೋಯಿತು. ಅಲ್ಲಿ ನಯವಾದ ಕಪ್ಪು ಕೂದಲಷ್ಟೇ ಇತ್ತು. ಅವಳು ಚಿತ್ರವನ್ನು ಬೋರಲು ಹಾಕಿ, ತನ್ನ ಎಡಗೈಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಬೆರಳನ್ನು ನೋಡಿಕೊಂಡಳು.

“ನನ್ನ ಕೈ ಎಲ್ಲಿ ಹೋತು?”

ಅಂಗಡಿಯವರು ಅಷ್ಟಕ್ಕೆ ನಿಲ್ಲಲಿಲ್ಲ. ಉಚಿತ ಕೊಡುಗೆಯೆಂದು ಒಂದು ಚಿಕ್ಕ ವಿಡಿಯೋವನ್ನು ನನ್ನ ಫೋನಿಗೆ ಕಳಿಸಿದರು. ಅವರಲ್ಲಿ ಗಿರಾಕಿಯಾಗಿದ್ದ ನಮ್ಮ ಅಣ್ಣನಿಗೂ ಕಳಿಸಿದರು. ಅಣ್ಣ ಅದನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದ. ಅದರಲ್ಲಿ ಚಿಕ್ಕವ್ವ ಎರಡು ಸಲ ರೆಪ್ಪೆ ಬಡಿಯುತ್ತಾಳೆ. ತಲೆಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ, ಮುಗುಳ್ನಕ್ಕು, ಮತ್ತೆ ನೇರವಾಗುತ್ತಾಳೆ. ಮುಗಿದ ಕೂಡಲೇ ಮೊದಲಿನಿಂದ ಶುರುವಾಗುತ್ತದೆ. ಬಂಧುಗಳು ಕೈಮುಗಿದ ಚಿತ್ರಗಳನ್ನು ಕಳಿಸಿದರು. ‘ಜೀವಂತ ಕುಂತ್ಹಂಗ ಐತಿ’ ಎಂದು ಒಬ್ಬರು ಬರೆದರು. ಎಂದೂ ಅವಳನ್ನು ನೋಡದಿದ್ದವರು ‘ಥೇಟ್ ಹಿಂಗ ನಗ್ತಿದ್ರಂತ’ ಎಂದು ಬರೆದರು.

ಅಣ್ಣ ಮನೆಗೆ ಬಂದಾಗ ಅದನ್ನು ಅವ್ವನಿಗೆ ತೋರಿಸಿದ. ಅವಳು ಫೋನನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಚಿಕ್ಕವ್ವನ ತಲೆ ಎಡಕ್ಕೆ ತಿರುಗಿತು, ನೇರವಾಯಿತು, ಮತ್ತೆ ತಿರುಗಿತು.

“ನಾ ಕೈ ಬಿಟ್ರ ಮುಂದಕ್ಕ ಬೀಳೋ ತಲಿ ಅದು,” ಎಂದಳು. “ಈಗ ಯಾರು ಹಿಡದಾರ?”

ಅಣ್ಣ ಫೋನನ್ನು ಜೇಬಿಗೆ ಹಾಕಿಕೊಂಡ. ಅಂದಿನಿಂದ ಅವ್ವ ನಡುಮನೆಯಲ್ಲಿ ಕೂರುವುದನ್ನು ಬಿಟ್ಟಳು. ಬೋರಲು ಹಾಕಿದ ಚಿತ್ರ ಅಲ್ಲಿ ಕಪಾಟಿನೊಳಗಿತ್ತು. ಅದನ್ನು ಹರಿದು ಹಾಕೋಣವೆಂದರೆ, “ಬ್ಯಾಡ, ಮಾರಿಯಂತೂ ಅಕಿದ ಐತಿ,” ಎನ್ನುತ್ತಿದ್ದಳು.

ಇದರ ನಡುವೆ ನನ್ನ ಫೋನು ತನ್ನ ಕೆಲಸ ಶುರುಮಾಡಿತ್ತು. ಚಿತ್ರಗಳನ್ನು ತಾನಾಗಿ ಕಾದಿಡುವ, ಮುಖಗಳನ್ನು ಗುರುತಿಸಿ ಬೇರೆ ಬೇರೆ ಗುಂಪು ಮಾಡುವ ವ್ಯವಸ್ಥೆ ಅದರಲ್ಲಿದೆ. ಒಂದು ಬೆಳಿಗ್ಗೆ ಅದು ಎರಡು ದುಂಡು ಮುಖಗಳನ್ನು ಅಕ್ಕಪಕ್ಕ ಇಟ್ಟು ಕೇಳಿತು: ಇವರಿಬ್ಬರೂ ಒಬ್ಬರೇ ವ್ಯಕ್ತಿಯೇ? ಒಂದು ಮುಖ ಚಿಕ್ಕವ್ವನದು. ಇನ್ನೊಂದು, ಕಾಲೇಜಿನ ದಿನಗಳ ನನ್ನದು. ಅಲ್ಲ ಎಂದು ಒತ್ತಿದೆ. ವಾರ ಕಳೆಯುವುದರೊಳಗೆ ಮತ್ತೆ ಕೇಳಿತು. ಮತ್ತೆ ಅಲ್ಲ ಎಂದೆ. ಮೂರನೆಯ ಸಲ ಅದು ಕೇಳಲಿಲ್ಲ. ಚಿಕ್ಕವ್ವನನ್ನು ನನ್ನ ಹೆಸರಿನ ಕೆಳಗೆ ಸೇರಿಸಿತ್ತು.

ಆಗ ಎರಡೂ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಕಣ್ಣು ಮಾತ್ರ ಕಾಣುವಷ್ಟು ದೊಡ್ಡದು ಮಾಡಿದೆ. ಕಾಲೇಜಿನ ನನ್ನ ಚಿತ್ರವೂ ಅಂಗಡಿಗೆ ಕೊಟ್ಟ ಅದೇ ಆಲ್ಬಮ್ಮಿನಲ್ಲಿತ್ತು, ಅದರ ಇನ್ನೊಂದು ಪ್ರತಿ ನನ್ನ ಫೋನಿನಲ್ಲಿತ್ತು. ಹಾಸ್ಟೆಲ್ಲಿನ ಕಿಟಕಿಯ ಮುಂದೆ ಗೆಳತಿಯೊಬ್ಬಳು ಬಹಳ ಹತ್ತಿರದಿಂದ ತೆಗೆದದ್ದು. ನನ್ನ ಎರಡೂ ಪಾಪೆಗಳಲ್ಲಿ ಆ ಕಿಟಕಿ ಬಿಳಿಯ ಚುಕ್ಕೆಯಂತೆ ಹೊಳೆಯುತ್ತಿತ್ತು, ನಡುವೆ ಒಂದು ಕಬ್ಬಿಣದ ಸರಳು. ಚಿಕ್ಕವ್ವನ ಪಾಪೆಗಳಲ್ಲೂ ಅದೇ ಕಿಟಕಿ, ಅದೇ ಸರಳು. ಅವಳನ್ನು ಕೂರಿಸಿದ್ದ ಸಿರುಗುಪ್ಪದ ಮನೆಯ ಪಡಸಾಲೆಯಲ್ಲಿ ಕುರ್ಚಿಯ ಮುಂದೆ ಕಿಟಕಿ ಇರಲಿಲ್ಲ.

ನಾನು ಅಷ್ಟು ದಿನವೂ ನನ್ನ ಕಣ್ಣುಗಳಿಗೇ ಹೆದರಿದ್ದೆ.

ಮರುದಿನ ಮಧ್ಯಾಹ್ನ ಅಂಗಡಿಗೆ ಹೋದಾಗ ಕರೆಂಟು ಹೋಗಿತ್ತು. ಮಾಲೀಕ ಬಾಗಿಲ ಬಳಿ ಗಾಳಿಗೆ ಕೂತಿದ್ದ. ಒಳಗೆ ಮಬ್ಬಿನಲ್ಲಿ, ಒಯ್ಯಲು ಬರುವವರಿಗಾಗಿ ಕಾಯುತ್ತಿದ್ದ ಚೌಕಟ್ಟುಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ನಾನು ಕೇಳಿದೆ, ಅವನು ಯಾವುದನ್ನೂ ಮುಚ್ಚಿಡದೆ ಉತ್ತರಿಸಿದ. ಆ ಪ್ರಾಮಾಣಿಕತೆಯೇ ನನ್ನನ್ನು ಇಂದಿಗೂ ಕಾಡುತ್ತದೆ.

“ತಿದ್ದಬ್ಯಾಡ್ರಿ ಅಂದಿದ್ದೆ.”

“ತಿದ್ದಿಲ್ಲಲ್ರೀ. ಕಣ್ಣಷ್ಟ ತೆರದೀವಿ.”

“ಅದನ್ನ ಯಾರು ಹೇಳಿದ್ರು ನಿಮಗ?”

“ಯಾರು ಹೇಳ್ತಾರ್ರೀ ಮೇಡಂ? ಕುಂತ ಫೋಟೋ ತಂದವರು ಕಣ್ಣು ತೆರಸಾಕ ತರ್ತಾರ. ದುಃಖದಾಗ ಇರ್ತಾರ, ಬಾಯಿ ಬಿಟ್ಟು ಕೇಳಂಗಿಲ್ಲ. ನಾವ ತಿಳ್ಕೊಂಡು ಮಾಡ್ತೀವಿ. ಇಷ್ಟು ವರ್ಷದಾಗ ಮುಚ್ಚಿದ ಕಣ್ಣ ಬೇಕಂತ ಬಂದವರು ನೀವ ಮೊದಲು.”

“ಕಿವಿ ಹತ್ರ ಬೆರಳಿದ್ವು.”

“ಹೌದ್ರಿ, ಯಾರದೋ ಕೈ ಅಡ್ಡ ಬಂದಿತ್ತು. ಕ್ಲೀನ್ ಮಾಡಿದ್ವಿ.”

“ಮೂಲ ಫೋಟೋ?”

ಈಗ ಮಾತ್ರ ಅವನು ದನಿ ತಗ್ಗಿಸಿದ. “ಅಂಟು ಬಾಳ ಗಟ್ಟಿ ಹಿಡಿದಿತ್ರಿ. ಬಿಡಸಾಕ ಹೋದ್ರ ಮಾರಿ ಇರೋ ಪದರ ಸೀಳಿ ಬಂತು. ಅದನ್ನ ನಿಮಗ ಹೆಂಗ ಕೊಡೂದು, ಮನಸಿಗೆ ಹತ್ತತೈತಿ ಅಂತ ಒಗದ್ವಿ.”

“ಮೊದಲು ಸ್ಕ್ಯಾನ್ ಮಾಡಿದ್ದು?”

“ತಿದ್ದಿದ್ದು ಅದರ ಮ್ಯಾಲೇ ಸೇವ್ ಆಗೇತ್ರಿ.”

ಐದು ಮಾತುಗಳಲ್ಲಿ ಎಲ್ಲವೂ ಮುಗಿದುಹೋಗಿತ್ತು. ಕೊನೆಗೆ ಕಣ್ಣುಗಳ ಬಗ್ಗೆ ಕೇಳಿದೆ. ಅವನ ಮುಖ ಅರಳಿತು.

“ಅವು ನಿಮ್ಮವ ಏನ್ರೀ? ಅದಕ್ಕ ನೋಡ್ರಿ, ಮನಿತನದ ಕಣ್ಣು, ಹೊಂದಿ ಕೂತ್ವು. ನಮ್ಮ ಕಡಿ ಗಂಡಸರ ಕಣ್ಣು, ಹೆಣ್ಮಕ್ಕಳ ಕಣ್ಣು ಎಲ್ಲಾ ಬ್ಯಾರೆ ಬ್ಯಾರೆ ಇಟ್ಟೀವಿ. ನಿಮ್ಮವು ಬಾಳ ಚಲೋ ಅದಾವ್ರಿ ಮೇಡಂ. ಯಾರ ಮಾರಿಗೆ ಇಟ್ರೂ ಕೂಡ್ತಾವು.”

ಆಗ ನಾನು ಗೋಡೆಯ ಕಡೆ ತಿರುಗಿದೆ. ಮೊದಲ ಚೌಕಟ್ಟಿನಲ್ಲಿ ಮೂಗುತಿಯ ಮುದುಕಿ, ಎರಡನೆಯದರಲ್ಲಿ ಹೊಸ ಮದುಮಗಳಂಥ ಹೆಂಗಸು, ಅದರಾಚೆ ತಲೆಗೆ ಸೆರಗು ಹೊದ್ದ ಇನ್ನೊಬ್ಬಳು. ಫೋನಿನ ಬೆಳಕು ಹಿಡಿದು ಬಾಗಿ ನೋಡಿದೆ. ಮುದುಕಿಯ ಪಾಪೆಯಲ್ಲಿ ಕಿಟಕಿ, ನಡುವೆ ಸರಳು. ಮದುಮಗಳ ಪಾಪೆಯಲ್ಲಿ ಕಿಟಕಿ, ನಡುವೆ ಸರಳು. ಸೆರಗಿನವಳದನ್ನು ನೋಡಲು ನನ್ನಿಂದ ಆಗಲಿಲ್ಲ. ಸತ್ತ ಹೆಂಗಸರು ಸಾಲಾಗಿ ನಿಂತು ನನ್ನದೇ ಕಣ್ಣುಗಳಿಂದ ನನ್ನನ್ನು ನೋಡುತ್ತಿದ್ದರು. ನಾಳೆ ಅವರನ್ನು ಅವರವರ ಮನೆಗೆ ಒಯ್ದು, ಹಾರ ಹಾಕಿ, ಅವರ ಮುಂದೆ ದೀಪ ಹಚ್ಚುತ್ತಾರೆ.

“ಚಾ ತರಸಲ್ರೀ?” ಎಂದ ಮಾಲೀಕ.

ಅವನು ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಕೇಳದೆ ಮಾಡುವುದನ್ನೇ ಸೌಜನ್ಯವೆಂದು ಅವನ ಕಸುಬು ಅವನಿಗೆ ಕಲಿಸಿದೆ. ನಮ್ಮ ಮನೆಗಳೂ ಅದನ್ನು ಬೇಡವೆನ್ನದೆ ಒಪ್ಪಿಕೊಂಡಿವೆ. ಆದರೆ ಒಪ್ಪಿಗೆಯಿಲ್ಲದೆ ಮಾಡಿದ್ದು ಸೌಜನ್ಯದ ಹೆಸರಿನಲ್ಲಿ ನಡೆದರೂ ಅನ್ಯಾಯವೇ. ಇದು ನಾಲ್ಕನೆಯದು, ಉಳಿದವುಗಳಿಗಿಂತ ಹೆಚ್ಚು ಮನೆಗಳನ್ನು ಹೊಕ್ಕದ್ದು.

ಮೂಲವನ್ನು ತೆಗೆದ ಫೋಟೋದವನ ಮನೆ ಸಿರುಗುಪ್ಪದಲ್ಲಿತ್ತು. ನೆಗೆಟಿವ್ ಉಳಿದಿದ್ದರೆ ಚಿತ್ರವೂ ಉಳಿದಂತೆ. ನಾನೊಬ್ಬಳೇ ಹೊರಟಿದ್ದೆ; ಅವ್ವ ಚಪ್ಪಲಿ ಮೆಟ್ಟಿಕೊಂಡು ಕಾರಿನ ಬಳಿ ಬಂದು ನಿಂತಳು. ದಾರಿಯಲ್ಲಿ ತೆಕ್ಕಲಕೋಟೆ ದಾಟಿದೆವು. ಗದ್ದೆಗಳಲ್ಲಿ ನೀರು ನಿಂತಿತ್ತು, ಅದರಲ್ಲಿ ಆಕಾಶ ತಲೆಕೆಳಗಾಗಿ ಬಿದ್ದಿತ್ತು.

ಫೋಟೋದವನು ತೀರಿಹೋಗಿ ಬಹಳ ಕಾಲವಾಗಿದೆ. ಅವನ ಮಗ, ಅವನೂ ಈಗ ಮುದುಕ, ನಮ್ಮನ್ನು ಕೂರಿಸಿ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದ. ಒಳಗೆ ನೆಗೆಟಿವ್‌ಗಳಿರಲಿಲ್ಲ, ಇಟ್ಟಿಗೆಯಂಥ ಒಂದೇ ಗಟ್ಟಿ ಇತ್ತು. ಒಮ್ಮೆ ಮನೆಗೆ ನೀರು ನುಗ್ಗಿ, ತೊಯ್ದು, ಒಣಗಿ, ಎಲ್ಲ ಹಾಳೆಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅವನು ಅದರ ಅಂಚಿನ ತೆಳುಭಾಗವನ್ನು ಬಾಗಿಲ ಬೆಳಕಿಗೆ ಹಿಡಿದ. ಕಪ್ಪು ಮುಖಗಳು, ಬೆಳ್ಳಗಿನ ಕೂದಲು. ಒಂದರ ಹಣೆಯಲ್ಲಿ ಇನ್ನೊಂದರ ಬಾಯಿ. ಒಬ್ಬರ ಎದೆಯೊಳಗಿಂದ ಮತ್ತೊಬ್ಬರ ಮುಖ ಹೊರಗೆ ನೋಡುತ್ತಿತ್ತು.

“ಇದರಾಗ ನಮ್ಮಾಕಿ ಅದಾಳೇನಪಾ?” ಎಂದು ಕೇಳಿದಳು ಅವ್ವ.

“ಇರಬೇಕವ್ವ. ಊರ ಮಂದಿ ಎಲ್ಲಾ ಇದರಾಗ ಅದಾರ. ಬಿಡಸಾಕ ಬರಂಗಿಲ್ಲ ಅಷ್ಟ.” ಪೆಟ್ಟಿಗೆ ಮುಚ್ಚುತ್ತಾ ಅವನು ಹೇಳಿದ: “ನಮ್ಮಪ್ಪ ಕುಂತ ಫೋಟೋ ತಗದ್ರ ಯಾವಾಗ್ಲೂ ಎರಡು ಕಾಪಿ ಕೊಡ್ತಿದ್ದ. ಮಣ್ಣಿಗೆ ಬರಾಕ ಆಗದವರಿಗೆ ಒಂದು ಅಂತ. ನಿಮ್ಮ ಮಂದ್ಯಾಗ ಬರದವರು ಯಾರರ ಇದ್ರೇನು?”

ಅವ್ವ ಎದ್ದು ನಿಂತಳು. ಬರದವರು ಇದ್ದರು. ಅವ್ವನ ಅಕ್ಕ, ನನ್ನ ದೊಡ್ಡವ್ವ, ಆಗ ಕುರುಗೋಡಿನ ಗಂಡನ ಮನೆಯಲ್ಲಿ ತುಂಬಿದ ಬಸುರಿ. ಬಸುರಿ ಸಾವಿನ ಮನೆಗೆ ಹೋಗಬಾರದೆಂದು ಅತ್ತೆಮನೆಯವರು ತಡೆದಿದ್ದರು. ಆ ತಡೆಯನ್ನೂ ಅನ್ಯಾಯಗಳ ಜೊತೆಗೇ ಬರೆಯುತ್ತೇನೆ.

“ಅಕಿಗೆ ಕಳಿಸಿದ್ದು ಖರೆ,” ಎಂದಳು ಅವ್ವ ಕಾರಿನಲ್ಲಿ. “ಆದ್ರ ನೋಡಾಕ ಒಲ್ಲೆ ಅಂತ ಒಗದಾಳಂತ ಕೇಳಿದ್ದೆ.”

ಕುರುಗೋಡಿನ ಬಂಡೆಗುಡ್ಡಗಳ ನೆರಳು ಮನೆಯ ಮೇಲೆ ಬೀಳುವ ಹೊತ್ತಿಗೆ ಮುಟ್ಟಿದೆವು. ದೊಡ್ಡವ್ವ ಕಟ್ಟೆಯ ಮೇಲೆ ಕೂತಿದ್ದಳು.

“ಈಗ ಕಂಡ್ತೇನು ನಮ್ಮ ಮನಿ?” ಎಂದಳು ತಂಗಿಗೆ. “ಯಾರು ಸತ್ತಾರ, ಇಷ್ಟು ಅವಸರದಾಗ ಬಂದೀರಿ?”

“ಸತ್ತಾಕಿನ್ನ ಹುಡುಕ್ಕೋಂತ ಬಂದೀವಿ,” ಎಂದಳು ಅವ್ವ.

ದೊಡ್ಡವ್ವನ ನಗು ನಿಂತಿತು. ಯಾವ ಚಿತ್ರವೆಂದು ಅವಳು ಕೇಳಲಿಲ್ಲ. ಒಳಗೆ ಕರೆದೊಯ್ದು, ಕಾಳಿನ ಗುಡಾಣಗಳ ಹಿಂದೆ, ಗೋಡೆಗೆ ಮುಖಮಾಡಿ ನಿಲ್ಲಿಸಿದ್ದ ಚೌಕಟ್ಟನ್ನು ತೋರಿಸಿದಳು. “ಒಗದಿಲ್ಲ. ಹೊಳ್ಳಿಸಿ ಇಟ್ಟೀನಿ. ಮಣ್ಣಿಗೆ ಹೋಗದಾಕಿ ಯಾವ ಮಾರಿಲೆ ನೋಡ್ಲಿ ಅಕಿನ್ನ?”

ನಾನು ಅದನ್ನು ಬೆಳಕಿಗೆ ತಿರುಗಿಸಿದೆ. ಗೋಡೆಯ ತೇವ ಚಿತ್ರವನ್ನು ಗಾಜಿಗೆ ಅಂಟಿಸಿಬಿಟ್ಟಿತ್ತು. ಹಣೆಯಿಂದ ಮೂಗಿನವರೆಗೆ ಬೂಷ್ಟಿನ ಬಿಳಿಮೋಡ; ಬದಿಗೆ ನಿಂತವರ ಮುಖಗಳನ್ನೂ ಅದು ನುಂಗಿತ್ತು. ಕಣ್ಣುಗಳಿದ್ದ ಜಾಗದಲ್ಲಿ ಏನೂ ಇರಲಿಲ್ಲ, ತೆರೆದವೂ ಇಲ್ಲ, ಮುಚ್ಚಿದವೂ ಇಲ್ಲ. ಕೆಳಗೆ ತುಟಿ, ಹಾರ. ಎಡಗಿವಿ, ಜಡೆ. ಜಡೆಯ ಅಂಚಿನಲ್ಲಿ ಮೂರು ಬೆರಳುಗಳ ತುದಿ.

ಅವ್ವ ನೆಲದ ಮೇಲೆ ಕೂತು ಚೌಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. “ಇಲ್ಲಿ ಅದೀನಿ,” ಎಂದಳು ಅಕ್ಕನಿಗೆ. “ನೋಡಿಲ್ಲಿ. ನಾ ಹಿಡದೀನಿ.”

ದೊಡ್ಡವ್ವ ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು ಬೂಷ್ಟು ಒರೆಸಲು ಬಂದಳು, ಗಾಜು ಬಿಚ್ಚೋಣವೆಂದಳು. ನಾನು ತಡೆದೆ. ಬಿಚ್ಚಿದರೆ ಉಳಿದ ಮುಖವೂ ಗಾಜಿನ ಜೊತೆ ಹೋಗುತ್ತದೆ. ಗಾಜಿನ ಮೇಲಿಂದಲೇ, ಇದ್ದದ್ದು ಇದ್ದಂತೆ, ಚಿತ್ರ ತೆಗೆಯಬೇಕು. ಚೌಕಟ್ಟನ್ನು ಬಾಗಿಲ ಪಕ್ಕದ ನೆರಳಿನಲ್ಲಿ ನಿಲ್ಲಿಸಿ ಕ್ಯಾಮೆರಾ ಒತ್ತಿದೆ. ಮೊದಲ ಚಿತ್ರದಲ್ಲಿ, ಆ ಬಿಳಿಮೋಡದ ಜಾಗದಲ್ಲಿ ಸರಿಯಾಗಿ, ಗಾಜು ನನ್ನ ಎರಡು ಕಣ್ಣುಗಳನ್ನು ತೋರಿಸುತ್ತಿತ್ತು.

ಅದನ್ನು ಅಳಿಸಿದೆ. ದೊಡ್ಡವ್ವ ಕರಿಕಂಬಳಿ ತಂದಳು. ಅಕ್ಕತಂಗಿಯರಿಬ್ಬರೂ ಅದರ ಎರಡು ತುದಿ ಹಿಡಿದು ನನ್ನನ್ನೂ ಕ್ಯಾಮೆರಾವನ್ನೂ ಮುಚ್ಚಿದರು; ಆ ಕತ್ತಲೆಯೊಳಗಿಂದ ಎರಡನೆಯ ಚಿತ್ರ ತೆಗೆದೆ. ಅದರಲ್ಲಿ ಯಾರ ಕಣ್ಣೂ ಇಲ್ಲ.

ಆ ಕಡತ ಈಗ ಕುರುಗೋಡಿನಲ್ಲಿ ಒಂದು, ಅಣ್ಣನ ಮನೆಯಲ್ಲಿ ಒಂದು, ನಮ್ಮಲ್ಲಿ ಒಂದು ಇದೆ. ಪ್ರತಿಯನ್ನು ಪುಸ್ತಕದಲ್ಲಿ ಅಂಟಿಸಿ, ಅವ್ವ ಹೇಳಿದಂತೆ ಬರೆದಿದ್ದೇನೆ: ‘ಕಿವಿಯ ಪಕ್ಕದ ಬೆರಳುಗಳು ಅವ್ವನವು.’ ಅವ್ವ ಮತ್ತೆ ನಡುಮನೆಯಲ್ಲಿ ಕೂರುತ್ತಾಳೆ, ಕಪಾಟಿಗೆ ಬೆನ್ನು ಮಾಡಿ. ಆದರೆ ಕಣ್ಣು ಬಿಟ್ಟ ಚಿಕ್ಕವ್ವ ಮನೆತನದವರೆಲ್ಲರ ಫೋನುಗಳಲ್ಲಿದ್ದಾಳೆ. ಆ ಫೋನುಗಳು ಅವಳನ್ನು ತಾವಾಗಿಯೇ ಕಾಣದ ದೂರದ ಯಂತ್ರಗಳಿಗೆ ನಕಲು ಮಾಡಿ ಕಾದಿಟ್ಟಿವೆ. ಸುಳ್ಳು ಚಿತ್ರಕ್ಕೆ ಎಷ್ಟು ಪ್ರತಿಗಳಿವೆಯೆಂದು ಯಾರಿಗೂ ತಿಳಿಯದು. ನನ್ನ ಫೋನು ಕೂಡ ಅವಳನ್ನು ನನ್ನ ಹೆಸರಿನ ಕೆಳಗಿಂದ ತೆಗೆಯಲು ಒಪ್ಪುತ್ತಿಲ್ಲ. ತೆಗೆದರೆ ಕೆಲವು ದಿನಗಳಲ್ಲಿ ಹಿಂದಿರುಗಿ ಬರುತ್ತಾಳೆ.

ಅಂಗಡಿಯ ಮಾಲೀಕರೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಕುಂತ ಫೋಟೋ ತಂದವರನ್ನು ‘ಕಣ್ಣು ತೆರೆಯಬೇಕೇ’ ಎಂದು ಕೇಳಿ, ಅವರು ಬಾಯಿಬಿಟ್ಟು ಹೌದೆನ್ನುವವರೆಗೆ ಕೆಲಸಕ್ಕೆ ಕೈ ಹಾಕಬೇಡಿ. ತಿದ್ದುವ ಮುನ್ನ, ತಿದ್ದದ ಸ್ಕ್ಯಾನನ್ನು ಬೇರೆ ಹೆಸರಿನಲ್ಲಿ ಉಳಿಸಿ ಅವರ ಕೈಗೆ ಕೊಡಿ. ಹರಿದರೆ ಹರಿದ ತುಂಡುಗಳನ್ನೇ ಹಿಂದಿರುಗಿಸಿ. ಅವನ್ನು ಒಗೆಯುವ ಅಧಿಕಾರ ನಿಮಗಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿರುವ ನನ್ನ ಕಣ್ಣುಗಳನ್ನು ನನ್ನ ಎದುರಿನಲ್ಲಿ ಅಳಿಸಿ. ಅವುಗಳನ್ನು ಈಗಾಗಲೇ ಯಾವ ಯಾವ ಮನೆಯ ಗೋಡೆಗೆ ಕಳಿಸಿದ್ದೀರೋ ಆ ಪ್ರತಿಯೊಂದು ಮನೆಗೂ ನೀವೇ ಹೋಗಿ, ಅವರು ದೀಪ ಹಚ್ಚುತ್ತಿರುವುದು ಇದೇ ಊರಿನಲ್ಲಿ ಬದುಕಿರುವ ಹೆಂಗಸೊಬ್ಬಳ ಕಣ್ಣುಗಳ ಮುಂದೆ ಎಂದು ತಿಳಿಸಿ.